ಇಂಜಿನ್ ದೊಡ್ಡದಾದ ಬೇಸಿಗೆ

ಮೊನ್ನೆ ಶಾಲೆಯಿಂದ ಬರುವಾಗ ನಾರಾಯಣಖೇಡದ ಬಸ್ ಸ್ಟ್ಯಾಂಡ್ ಎದುರು ಒಂದು ಹಳೆಯ ಟೂ ಸ್ಟ್ರೋಕ್ ಗಾಡಿ ನೀಲಿ ಹೊಗೆ ಬಿಟ್ಟುಕೊಂಡು ಹೋಯಿತು. ಎಣ್ಣೆ ಬೆರೆಸಿದ ಪೆಟ್ರೋಲ್ ಸುಟ್ಟ ಆ ವಾಸನೆ ಈಗ ಅಪರೂಪ. ಜೊತೆಗಿದ್ದ ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಹೊಗೆ ಕರಗುವವರೆಗೂ ನಿಂತು ನೋಡಿದೆ. ಪ್ರೀತಿಯಿಂದ ನೋಡಿದೆ ಎಂದುಕೊಳ್ಳಬೇಡಿ. ಇಷ್ಟು ದಟ್ಟ ಹೊಗೆ ಬರುತ್ತಿದೆ ಅಂದರೆ ಎಣ್ಣೆ ಜಾಸ್ತಿ ಸುರಿದಿರಬೇಕು, ಇಲ್ಲವೇ ಪಿಸ್ಟನ್ ರಿಂಗ್ ಸವೆದಿರಬೇಕು, ಅದೂ ಇಲ್ಲದಿದ್ದರೆ ಯಾವನೋ ಮೆಕ್ಯಾನಿಕ್ ಹೊಸ ರಿಂಗ್ ಎಂದು ಹೇಳಿ ಹಳೆಯದನ್ನೇ ತೊಳೆದು ಹಾಕಿ ಕಳಿಸಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಗಣಿತದ ಟೀಚರಿಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಒಂದು ಇಡೀ ಬೇಸಿಗೆ ರಜೆಯನ್ನು ನಾನು ಜಹೀರಾಬಾದಿನ ಮೆಕ್ಯಾನಿಕ್ ಅಂಗಡಿಯೊಂದರ ಮುಂದೆ ಕುರ್ಚಿ ಹಾಕಿಕೊಂಡು ಕಳೆದಿದ್ದೇನೆ.

ನನಗೆ ಅನುಮಾನ ಜಾಸ್ತಿ. ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿಲ್ಲ, ನನ್ನ ಎತ್ತರ ಇಷ್ಟು, ಬಣ್ಣ ಹೀಗೆ ಎಂದು ಹೇಳಿದ ಹಾಗೆ ಹೇಳುತ್ತಿದ್ದೇನೆ. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ನೋಡುತ್ತೇನೆ. ಹಾಲಿನವನು ಸುಮ್ಮನೆ ನಕ್ಕರೂ ಹಾಲನ್ನು ಇನ್ನೊಮ್ಮೆ ನೋಡುತ್ತೇನೆ. ಕ್ಲಾಸಿನಲ್ಲಿ ಯಾರಾದರೂ ಕೇಳದೆಯೇ ಹೋಂವರ್ಕ್ ಮಾಡಿದ್ದೇನೆ ಅಂದರೆ ಮೊದಲು ತೆಗೆಸುವುದು ಅವರದನ್ನೇ. ನಮ್ಮವರು, ಅಂದರೆ ನನ್ನ ಗಂಡ ಶಿವಕುಮಾರ, ಇದಕ್ಕೆ ಪೂರ್ತಿ ತದ್ವಿರುದ್ಧ. ಜಹೀರಾಬಾದಿನ ಹಳೆ ಬಜಾರಿನಲ್ಲಿ ಅವರದು ಟೇಲರ್ ಅಂಗಡಿ. ಅಳತೆ ಕೊಟ್ಟು ಹೋದವರು ತಿಂಗಳು ಬಿಟ್ಟು ಬಂದು ಇದು ನನ್ನ ಅಳತೆಯೇ ಅಲ್ಲ ಅಂದರೂ ನಂಬಿ, ಬಿಚ್ಚಿ, ಮತ್ತೆ ಹೊಲಿದು ಕೊಡುವ ಮನುಷ್ಯ.

ಮದುವೆಯಾದಾಗ ನಾನು ನ್ಯಾಲ್ಕಲ್ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಬೆಳಿಗ್ಗೆ ಆಟೋದಲ್ಲಿ ಹೋಗಿ ಸಂಜೆ ಜೀಪಿನಲ್ಲಿ ನೇತಾಡಿಕೊಂಡು ಬಂದುಬಿಡುತ್ತಿದ್ದೆ. ಆಮೇಲೆ ವರ್ಗವಾಗಿ ನಾರಾಯಣಖೇಡದ ಆಚೆ, ಕಲ್ಹೇರ್ ದಾರಿಯ ಊರು ಸಿಕ್ಕಿತು. ಅಲ್ಲಿ ತೆಲುಗಿನಲ್ಲಿ ಲೆಕ್ಕ ಹೇಳಿ, ಕನ್ನಡದಲ್ಲಿ ಬೈದು, ದಖ್ಖನಿ ಉರ್ದುವಿನಲ್ಲಿ ರಮಿಸಿದರೆ ಪಾಠ ಮುಗಿಯುತ್ತದೆ. ಪಾಠದ ತೊಂದರೆ ಇರಲಿಲ್ಲ, ತೊಂದರೆ ಇದ್ದದ್ದು ಹಾಜರಿಯದು. ಈಗ ಹಾಜರಿ ಅಂದರೆ ಶಾಲೆಯ ಒಳಗೆ ನಿಂತು, ಹೊತ್ತಿಗೆ ಸರಿಯಾಗಿ ಮೊಬೈಲಿಗೆ ಮುಖ ತೋರಿಸುವುದು. ಜಹೀರಾಬಾದಿನಿಂದ ಮೊದಲ ಬಸ್ಸು ಹಿಡಿದರೂ ನಾನು ತಲುಪುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹಾಗಾಗಿ ನಾರಾಯಣಖೇಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ವಾರವೆಲ್ಲ ಅಲ್ಲಿರುವುದು, ಶನಿವಾರ ಸಂಜೆ ನಮ್ಮವರು ಬಂದು ಮನೆಗೆ ಕರೆದೊಯ್ಯುವುದು ಎಂದಾಯಿತು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ.

ನಮ್ಮವರ ಗಾಡಿ ಸಣ್ಣ ಟೂ ಸ್ಟ್ರೋಕ್. ಒಬ್ಬರಿದ್ದರೆ ಚೆನ್ನಾಗಿಯೇ ಓಡುತ್ತಿತ್ತು. ಇಬ್ಬರು ಕೂತರೆ ಮಂಜೀರಾ ಸೇತುವೆಯ ಹತ್ತಿರದ ಏರಿನಲ್ಲಿ ಅದರ ಉಸಿರು ಕಟ್ಟುತ್ತಿತ್ತು. ಆಗ ನಾನು ಇಳಿಯಬೇಕು. ಅವರು ಒಬ್ಬರೇ ಏರಿ ಮೇಲೆ ಕಾಯುವುದು, ನಾನು ಬ್ಯಾಗು ಹಿಡಿದು ಬಿಸಿಲಲ್ಲಿ ನಡೆದು ಹತ್ತುವುದು. ಕಟ್ಟಿಗೆ ಹೊರೆ ಹೊತ್ತ ಹೆಂಗಸೊಬ್ಬಳು ನನ್ನನ್ನು ಹಿಂದೆ ಹಾಕಿ ಹೋಗುತ್ತ, ಮೇಲೆ ನಿಂತವರನ್ನು ನೋಡಿ, ನನ್ನನ್ನು ನೋಡಿ, "ಗಂಡನ ಜೋಡಿ ಜಗಳ ಆಗ್ಯದೇನ್ರಿ?" ಎಂದು ಕೇಳಿದ್ದಳು.

ಗಾಡಿ ಇಬ್ಬರನ್ನು ಎಳೆಯುವಂತಿದ್ದರೆ ಬೆಳಕು ಹರಿಯುವ ಮುಂಚೆ ಹೊರಟು ಅವರು ನನ್ನನ್ನು ಶಾಲೆಗೆ ಬಿಟ್ಟು ಬರಬಹುದಿತ್ತು, ಸಂಜೆ ನಾನು ಬಸ್ಸಿನಲ್ಲಿ ಮನೆಗೆ ಬರಬಹುದಿತ್ತು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬಹುದಿತ್ತು. ಆ ವರ್ಷ ನನಗೆ ಬೇಕಾಗಿದ್ದುದು ಅದೊಂದೇ. ಅವರಿಗೂ ಅದು ಬೇಕಾಗಿದೆಯೇ ಎಂಬುದೇ ನನ್ನ ಅನುಮಾನ.

ಅನುಮಾನಕ್ಕೆ ಕಾರಣಗಳಿದ್ದವು. ಶನಿವಾರ ಮನೆಗೆ ಹೋದರೆ ಮಂಚದಲ್ಲಿ ನಾನು ಮಲಗುವ ಕಡೆ ಯೂನಿಫಾರಂ ಬಟ್ಟೆಯ ಗಂಟು ಇರುತ್ತಿತ್ತು. "ಎಲ್ಲಿ ಇಡ್ಲಿ? ಜಾಗ ಖಾಲಿ ಇತ್ತು," ಅನ್ನುತ್ತಿದ್ದರು. ನಮ್ಮದು ಭಾವನವರ ಕುಟುಂಬವೂ ಸೇರಿದ ತುಂಬಿದ ಮನೆ. ಒಮ್ಮೆ ಊಟಕ್ಕೆ ಕೂತಾಗ ಅತ್ತೆ ಸಮಾಧಾನ ಹೇಳಲು ಹೋಗಿ, "ನೌಕರಿ ಅಂದ ಮ್ಯಾಲ ಇರೋದೇ ಬಿಡವ್ವ. ಅವಗೇನೂ ತೊಂದ್ರಿ ಇಲ್ಲ, ಹೊತ್ತಿಗಿ ಉಣ್ತಾನ, ಹೊತ್ತಿಗಿ ಮಲಗ್ತಾನ," ಅಂದರು. ಅವಗೇನೂ ತೊಂದ್ರಿ ಇಲ್ಲ ಎಂಬ ಮಾತು ಆ ವಾರವಿಡೀ ನನ್ನ ಕಿವಿಯಲ್ಲಿ ಕೂತಿತ್ತು. ಹೊಸ ಗಾಡಿ ತೆಗೆದುಕೊಳ್ಳೋಣ ಅಂದರೆ, "ಕಂತಿನ ಗಾಡಿ ತಂದ್ರ ನಾ ಅದಕ್ಕಂತೇ ಹೊಲಿಯೋದು ಆಗ್ತದ," ಎಂದು ಮಾತು ಮುಗಿಸಿಬಿಟ್ಟರು.

ಬೇಸಿಗೆ ರಜೆ ಶುರುವಾದ ವಾರ ತಾಂಡೂರಿನಿಂದ ವೀರಣ್ಣನ ಫೋನ್ ಬಂತು. ವೀರಣ್ಣ ನಮ್ಮವರ ಸೋದರಮಾವನ ಮಗ, ಅಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇಟ್ಟುಕೊಂಡವನು. "ನನ್ನ ಬಲ್ಲಿ ಒಂದು ದೊಡ್ಡ ಟೂ ಸ್ಟ್ರೋಕ್ ಗಾಡಿ ಅದ. ಬಾಡಿ ಜಂಗ್ ಹಿಡಿದು ಹೋಗ್ಯದ, ಇಂಜಿನ್ ಛಲೋ ಅದ. ಬಿಚ್ಚಿ ನಿಮ್ಮ ಗಾಡಿಗಿ ಹಾಕ್ಕೋರಿ, ಬೆಟ್ಟ ಹತ್ತತದ," ಅಂದ. ನಮ್ಮವರು ಫೋನಿನಲ್ಲೇ ಕುಣಿದರು. ನಾನು ಕೇಳಿದ್ದು ಒಂದೇ, ಛಲೋ ಇದ್ದರೆ ಅವನೇಕೆ ಕೊಡುತ್ತಿದ್ದಾನೆ?

ಇದನ್ನೇ ತಾಂಡೂರಿಗೆ ಹೋಗಿ ಅವನ ಎದುರಿಗೂ ಕೇಳಿದೆ. ಕಲ್ಲಿನ ಬೂದಿ ಅಲ್ಲಿ ಮರದ ಎಲೆ, ಎಮ್ಮೆಯ ಬೆನ್ನು, ನಮ್ಮ ಮುಂದಿಟ್ಟ ಚಹಾದ ಕೆನೆ ಎಲ್ಲದರ ಮೇಲೂ ಕೂತಿತ್ತು. ವೀರಣ್ಣ ಜೋರಾಗಿ ನಕ್ಕ.

"ಶಕುಂತಲಾ, ನೀ ಟೀಚರ್ ಆಗಬಾರದಿತ್ತು, ಪೊಲೀಸ್ ಆಗಬೇಕಾಗಿತ್ತು. ಗಾಡಿ ಹತ್ತಂಗಿಲ್ಲ ನಾ ಈಗ, ಕಾರ್ ಅದ. ಮೂಲ್ಯಾಗ ಬಿದ್ದು ಹಾಳಾಗತದ ಅಂತ ಕೊಡ್ತೀನಿ. ಬ್ಯಾಡಾದ್ರ ಬಿಡು."

"ಬ್ಯಾಡ ಅನ್ನಲಿಲ್ರಿ. ಯಾಕ ಅಂತ ಕೇಳಿದೆ," ಅಂದೆ. ಸೆರಗಿನ ತುದಿಯಿಂದ ಇಂಜಿನ್ ಮೇಲಿನ ನಂಬರ್ ಒರೆಸಿ, ಅವನ ಗಾಡಿಯ ಆರ್‌ಸಿ ತರಿಸಿ, ಅಂಕಿ ಅಂಕಿ ಹೋಲಿಸಿ ನೋಡಿದೆ. ಸರಿಯಾಗಿತ್ತು. ಇಂಜಿನ್ ಬದಲಿಸಿದರೆ ಆರ್‌ಟಿಓ ಆಫೀಸಿನಲ್ಲಿ ಬರೆಸಬೇಕಲ್ಲ ಅಂದರೆ ಅದಕ್ಕೂ ಸಹಿ ಹಾಕಿಕೊಟ್ಟ. ಎಲ್ಲವೂ ಹೀಗೆ ಸುಸೂತ್ರವಾಗಿ ನಡೆದರೆ ನನಗೆ ಇನ್ನೂ ಕಸಿವಿಸಿಯಾಗುತ್ತದೆ. ಬಿಚ್ಚಿದ ಇಂಜಿನ್ನನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಆ ಚೀಲವನ್ನೇ ನೋಡುತ್ತ ಬಂದೆ. ಬಸ್ಸಿನ ಕಂಡಕ್ಟರಿಗೂ ನನ್ನಂಥದೇ ಸ್ವಭಾವ. ಬಶೀರಾಬಾದಿನ ಮುದುಕನೊಬ್ಬ ಅದು ಬಾವಿಯ ಪಂಪು ಎಂದು ತಾನೇ ಸಾಕ್ಷಿ ಹೇಳಿದರೂ ಬಿಡದೆ, ಚೀಲ ಬಿಚ್ಚಿಸಿ, ಮೂಸಿ ನೋಡಿ, ಪೆಟ್ರೋಲ್ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಲಗೇಜ್ ಟಿಕೆಟ್ ಹರಿದ. ನನಗೆ ಅವನ ಮೇಲೆ ಗೌರವ ಬಂತು.

ಇನ್ನು ಮೆಕ್ಯಾನಿಕ್. ಬೀದರ್ ರಸ್ತೆಯ ಬದಿಗೆ ಖಾಜಾ ಭಾಯಿಯ ಅಂಗಡಿ. ತಗಡಿನ ಚಪ್ಪರ, ಎಣ್ಣೆ ಕುಡಿದು ಕಪ್ಪಾದ ನೆಲ, ಪಕ್ಕದಲ್ಲಿ ಚಹಾದ ಅಂಗಡಿ. ನಮ್ಮ ಕಡೆ ಗಾಡಿಯನ್ನು ಮೆಕ್ಯಾನಿಕನ ಕೈಗೆ ಕೊಟ್ಟು ಮನೆಗೆ ಹೋಗುವ ಪದ್ಧತಿ ಇಲ್ಲ. ಬಿಚ್ಚುವುದರಿಂದ ಹಿಡಿದು ಕೂಡಿಸುವವರೆಗೆ ಎದುರಿಗೆ ಕೂಡಬೇಕು. ಎದ್ದು ಹೋದರೆ ನಮ್ಮ ಒಳ್ಳೆಯ ಸಾಮಾನು ಬೇರೆಯವರ ಗಾಡಿಗೆ, ಅವರ ಸವೆದದ್ದು ನಮ್ಮದಕ್ಕೆ ಹೋಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಖಾಜಾ ಭಾಯಿಯೂ ತನ್ನ ಸ್ಕೂಟರನ್ನು ಬೇರೆಯವರಲ್ಲಿ ರಿಪೇರಿಗೆ ಕೊಟ್ಟರೆ ಹೋಗಿ ಎದುರಿಗೆ ಕೂಡುತ್ತಿದ್ದನಂತೆ. ನಮ್ಮವರಿಗೆ ಅದು ಯೂನಿಫಾರಂ ಸೀಜನ್, ಅಂಗಡಿ ಬಿಟ್ಟು ಏಳುವಂತಿಲ್ಲ. ಹಾಗಾಗಿ ನಾನು ಕೂತೆ. ಹೆಂಗಸು ಮೆಕ್ಯಾನಿಕ್ ಅಂಗಡಿಯ ಮುಂದೆ ದಿನವಿಡೀ ಕೂಡುವುದೆಂದರೆ ಬಜಾರಿನಲ್ಲಿ ಮಾತಾಗುತ್ತದೆ. ಆಗಲಿ ಎಂದೆ.

ಕೂತರೂ ಸಾಲದು. ಮಧ್ಯಾಹ್ನ ಉಣ್ಣಲು ಮನೆಗೆ ಹೋಗಬೇಕು, ಸಂಜೆ ಅವನು ಶಟರ್ ಎಳೆಯುತ್ತಾನೆ. ಅದಕ್ಕೆ ನನ್ನ ಕೆಂಪು ಉಗುರುಬಣ್ಣದ ಸೀಸೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ತಾಂಡೂರಿನ ಇಂಜಿನ್ನಿನ ಪ್ರತಿ ಭಾಗಕ್ಕೂ ಒಂದು ಚುಕ್ಕೆ ಇಟ್ಟೆ. ಬೋಲ್ಟು ಕೂತಲ್ಲೆಲ್ಲ, ಬೋಲ್ಟಿನ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ಒಂದು ಗೆರೆ ಎಳೆದೆ. ಯಾರಾದರೂ ಬಿಚ್ಚಿ ಮತ್ತೆ ಹಾಕಿದರೆ ಆ ಗೆರೆಯ ಎರಡು ತುಂಡು ಒಂದಕ್ಕೊಂದು ಕೂಡುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ಅನುಮಾನ ತಾನೇ ಕಲಿಸುತ್ತದೆ.

ಖಾಜಾ ಭಾಯಿ ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಒಂದು ದಿನ ಅಂದ, "ಟೀಚರಮ್ಮ, ನೀವು ಬಣ್ಣ ಹಚ್ಚೋದು ನಾ ಮೊದಲ ದಿನಾನೇ ನೋಡೀನಿ. ಖೈದಿಗೋಳಿಗಿ ನಂಬರ್ ಹಚ್ಚಿದಂಗ ಹಚ್ಚೀರಿ."

"ನಿಮ್ಮ ಮ್ಯಾಲ ಅನುಮಾನ ಅಂತ ಅಲ್ರಿ."

"ಮತ್ತ್ಯಾರ ಮ್ಯಾಲ? ಇಲ್ಲಿ ನಾ ಒಬ್ಬನೇ ಇದೀನಿ."

ನಾನು ಸೀಸೆಯ ಮುಚ್ಚಳ ತಿರುಗಿಸಿ ಬ್ಯಾಗಿಗೆ ಹಾಕಿಕೊಂಡೆ. ಅವನೂ ಕಡಿಮೆಯವನಲ್ಲ. ಮರುದಿನದಿಂದ ನಾನು ಬಂದ ಕೂಡಲೇ ಬಿಚ್ಚಿದ ಸಾಮಾನನ್ನೆಲ್ಲ ತಗಡಿನ ತಟ್ಟೆಯಲ್ಲಿ ಹಾಕಿ ತಂದು, "ನೋಡ್ಕೋರಿ, ಆಮ್ಯಾಲ ಕಡಿಮಿ ಬಿತ್ತು ಅನಬ್ಯಾಡ್ರಿ," ಎಂದು ನನ್ನ ಕಾಲ ಹತ್ತಿರ ಇಡತೊಡಗಿದ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ಇಬ್ಬರೂ ಒಂದೇ ಚಹಾದ ಅಂಗಡಿಯಿಂದ ಚಹಾ ತರಿಸಿ ಕುಡಿಯುತ್ತಿದ್ದೆವು.

ಕೆಲಸ ಬೇಗ ಮುಗಿಯಲಿಲ್ಲ. ದೊಡ್ಡ ಇಂಜಿನ್ನಿನ ರಂಧ್ರಗಳು ನಮ್ಮ ಗಾಡಿಯ ಸಣ್ಣ ಚೆಸ್ಸಿಯ, ಅಂದರೆ ಚೌಕಟ್ಟಿನ, ರಂಧ್ರಗಳಿಗೆ ಹೊಂದಲಿಲ್ಲ. ಅದಕ್ಕಾಗಿ ಕಬ್ಬಿಣದ ಪಟ್ಟಿ ಕೊಯ್ದು, ಚೆಸ್ಸಿಗೆ ವೆಲ್ಡಿಂಗ್ ಮಾಡಿ, ಹೊಸ ಕಿವಿ ಕೂಡಿಸಬೇಕಾಯಿತು. ಆ ಕಿವಿಗಳಲ್ಲಿ ಇಂಜಿನ್ನನ್ನು ಹಿಡಿದಿಡುವ ಉದ್ದನೆಯ ಬೋಲ್ಟುಗಳಿಗೆ ಫೌಂಡೇಶನ್ ಬೋಲ್ಟ್ ಅನ್ನುತ್ತಾರೆ. ಚೈನು ಒಂದು ಕಡೆ, ಹಲ್ಲಿನ ಚಕ್ರ ಒಂದು ಕಡೆ ಬಂತು. ಲೇತ್ ಅಂಗಡಿಯವನು ಇವತ್ತು ನಾಳೆ ಅಂದ. ಸೈಲೆನ್ಸರ್ ಕಾಲಿಗೆ ತಾಗುತ್ತಿತ್ತು. ಪ್ರತಿ ಅಡ್ಡಿಗೂ ಕಾರಣ ಇತ್ತು, ಮತ್ತು ಪ್ರತಿ ಕಾರಣವೂ ನನಗೆ ನೆಪದ ಹಾಗೆ ಕೇಳುತ್ತಿತ್ತು. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು.

ಒಂದು ಸಂಜೆ ಪಕ್ಕದ ಮನೆಯಲ್ಲಿ ನಾನು ನೀರು ಕುಡಿದು ಬರುವಾಗ ನಮ್ಮವರು ಖಾಜಾ ಭಾಯಿಯ ಅಂಗಡಿಗೆ ಬಂದಿದ್ದರು. ಇಬ್ಬರೂ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಖಾಜಾ ಭಾಯಿ ಅನ್ನುತ್ತಿದ್ದ, "ಒಬ್ಬರಿಗಂದ್ರ ಜಿಮ್ಮೇದಾರಿ ನಂದು, ಟೇಲರ್ ಸಾಬ್." ನಾನು ಕಂಡ ಕೂಡಲೇ ಮಾತು ನಿಂತಿತು.

"ಏನ್ ಮಾತಾಡ್ಲಿಕ್ಕತ್ತಿದ್ರಿ?" ಎಂದು ದಾರಿಯಲ್ಲಿ ಕೇಳಿದೆ.

"ಏನಿಲ್ಲ, ಚೈನ್ ಸೆಟ್ಟಿಂಗ್ ಬಗ್ಗೆ."

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಕೊರಳಲ್ಲಿನ ಅಳತೆ ಟೇಪನ್ನು ಎಳೆದಾಡುತ್ತಾರೆ. ಅಂದೂ ಎಳೆದಾಡುತ್ತಿದ್ದರು. ಒಬ್ಬರಿಗಾದರೆ ಮಾತ್ರ ಜವಾಬ್ದಾರಿ ಅಂದರೆ ಏನು? ಇಷ್ಟೆಲ್ಲ ಮಾಡುತ್ತಿರುವುದು ಇಬ್ಬರು ಕೂಡಲೆಂದು. ಒಬ್ಬರೇ ಓಡಾಡುವುದಾದರೆ ಇದ್ದ ಇಂಜಿನ್ ಏನು ಕಡಿಮೆಯಾಗಿತ್ತು? ನಾನು ಅವತ್ತು ಊಟ ಮಾಡಿದರೂ ಉಂಡ ನೆನಪಿಲ್ಲ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಹೊತ್ತಿಗೆ ಗಾಡಿ ತಯಾರಾಯಿತು. ಸಂಜೆ ನಾನು ಎಲ್ಲ ಬೋಲ್ಟುಗಳ ಮೇಲೂ ಕೊನೆಯ ಸಲ ಗೆರೆ ಎಳೆದೆ. ಸೈಲೆನ್ಸರಿನ ಬಣ್ಣ ಒಣಗಬೇಕೆಂದು ಅದೊಂದು ರಾತ್ರಿ ಗಾಡಿ ಖಾಜಾ ಭಾಯಿಯ ಅಂಗಡಿಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅತ್ತೆ ಮಿರಗದ ದಿನವೆಂದು ಎಲ್ಲರ ಕೈಗೂ ಇಂಗು ಬೆಲ್ಲದ ಉಂಡೆ ಇಟ್ಟರು. ಅದನ್ನು ಬಾಯಿಗೆ ಹಾಕಿಕೊಂಡೇ ನಾವು ಗಾಡಿ ತರಲು ಹೋದೆವು.

ಖಾಜಾ ಭಾಯಿ ಕೀಲಿ ಕೊಡುವಾಗ, "ಇಂಜಿನ್ ದೊಡ್ಡದಾತು, ಬ್ರೇಕ್ ಅದೇ ಅದ. ಸಾವಕಾಶ ಹೋಗ್ರಿ," ಅಂದ. ನ್ಯಾಲ್ಕಲ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಆ ಸವಾರಿಯನ್ನು ನಾನು ಮರೆತಿಲ್ಲ. ಅದೇ ಸೀಟು, ಅದೇ ಗಾಡಿ, ಆದರೆ ಹಿಂದಿನಿಂದ ಯಾರೋ ನೂಕಿದ ಹಾಗೆ ಮುಂದಕ್ಕೆ ಹಾರಿತು. ನಾನು ನಮ್ಮವರ ಅಂಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹೊಲಗಳಲ್ಲಿ ಮಣ್ಣು ಮೊದಲ ಮಳೆಗೆ ನೆನೆದಿತ್ತು. ಹಿಂದೆ ಎರಡು ಮಾರು ನೀಲಿ ಹೊಗೆ. ಒಂದು ಎಮ್ಮೆ ಅಡ್ಡ ಬಂದಾಗ ಬ್ರೇಕ್ ಹಿಡಿದರೆ ಗಾಡಿ ನಿಂತದ್ದು ಎಮ್ಮೆಯನ್ನು ದಾಟಿದ ಮೇಲೆ. ಆದರೂ ನನಗೆ ಖುಷಿಯಾಗಿತ್ತು. ಸುಳ್ಳೇಕೆ, ಕುಣಿಯುವಷ್ಟು ಖುಷಿಯಾಗಿತ್ತು. ಸೋಮವಾರದಿಂದ ನಾನು ದಿನಾ ಮನೆಗೆ ಬರುತ್ತೇನೆ, ಬಾಡಿಗೆ ಕೋಣೆಯ ಕೀಲಿ ಹಿಂದಿರುಗಿಸುತ್ತೇನೆ, ಮಂಚದ ಮೇಲಿನ ಬಟ್ಟೆ ಗಂಟನ್ನು ತೆಗೆದು ಎಸೆಯುತ್ತೇನೆ ಎಂದೆಲ್ಲ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತ ಗಾಡಿಯ ಹತ್ತಿರ ಹೋದೆ. ಹಿಂದಿನ ದಿನ ಗಾಡಿ ತರುವ ಖುಷಿಯಲ್ಲಿ ಗೆರೆ ನೋಡುವುದು ಮರೆತಿತ್ತು, ಪೂರ್ತಿ ನೋಡದೆ ಇರಲು ನನ್ನಿಂದಾಗುವುದಿಲ್ಲ. ಚುಕ್ಕೆಗಳೆಲ್ಲ ಸರಿಯಾಗಿದ್ದವು. ಹಿಂದಿನ ಫೌಂಡೇಶನ್ ಬೋಲ್ಟಿನ ಗೆರೆ ಮಾತ್ರ ತುಂಡಾಗಿತ್ತು. ಬೋಲ್ಟಿನ ತಲೆಯ ಮೇಲಿನ ಕೆಂಪು ಒಂದು ಕಡೆ, ಕಬ್ಬಿಣದ ಮೇಲಿನ ಕೆಂಪು ಒಂದು ಕಡೆ. ನಡುವೆ ಒಂದು ಬೆರಳಿನಷ್ಟು ಅಂತರ.

ಸಿಕ್ಕಿಬಿದ್ದ, ಅಂದುಕೊಂಡೆ. ನಾನು ಕೊನೆಯ ಗೆರೆ ಎಳೆದ ಮೇಲೆ ಗಾಡಿ ಒಂದು ರಾತ್ರಿ ಅವನ ಅಂಗಡಿಯಲ್ಲಿತ್ತು. ಇಂಜಿನ್ ಇಳಿಸಿ ಒಳಗಿನದೇನನ್ನೋ ಬದಲಿಸಿದ್ದಾನೆ. ನಮ್ಮವರು, "ಹೋಗ್ಲಿ ಬಿಡು, ಛಲೋ ಓಡ್ತದಲ್ಲ," ಅಂದರು. ಅವರು ಹಾಗೆ ಅಂದದ್ದೇ ನನಗೆ ಇನ್ನೊಂದು ಅನುಮಾನ. ಗಾಡಿಯನ್ನು ಅವರಿಂದಲೇ ನಡೆಸಿಕೊಂಡು ಖಾಜಾ ಭಾಯಿಯ ಅಂಗಡಿಗೆ ಹೋದೆ. ಚಹಾದ ಅಂಗಡಿಯಲ್ಲಿ ಕೂತವರೆಲ್ಲ ಎದ್ದು ಬಂದರು.

"ನಮ್ಮ ಗಾಡಿ ಯಾಕ ಬಿಚ್ಚಿದ್ರಿ?" ಎಂದು ಎಲ್ಲರೆದುರೇ ಕೇಳಿದೆ. "ಗೆರಿ ನೋಡ್ರಿ. ಹುಡುಗರು ಕಾಪಿ ಹೊಡದ್ರೂ ಹಿಡೀತೀನ್ರಿ ನಾ."

ಖಾಜಾ ಭಾಯಿಯ ಮುಖ ಕೆಂಪಾಯಿತು. "ಅಲ್ಲಾ ಕಸಂ, ನಾ ಮುಟ್ಟಿಲ್ಲ. ಇಷ್ಟ್ ವರ್ಷದಾಗ ನನಗ ಯಾರೂ ಹಿಂಗ ಅಂದಿಲ್ಲ, ಟೀಚರಮ್ಮ."

"ಹಂಗಾದ್ರ ಇದು ಹೆಂಗ ತಿರುಗ್ತು?"

ಅವನು ಸಿಟ್ಟಿನಲ್ಲೇ ಕುಕ್ಕರಿಸಿ, ನನಗೆ ತೋರಿಸಲೆಂದು ಆ ಬೋಲ್ಟಿನ ತಲೆಯನ್ನು ಬೆರಳಿನಿಂದ ಹಿಡಿದ. ಬೋಲ್ಟು ಬೆರಳಿಗೇ ತಿರುಗುತ್ತಿತ್ತು. ಪಾನಾ ಬೇಕಾಗಿರಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ಕೆಳಗೆ ಬಗ್ಗಿ ನೋಡಿದ, ಚಿಂದಿಯಿಂದ ಒರೆಸಿ ಮತ್ತೆ ನೋಡಿದ. ವೆಲ್ಡಿಂಗ್ ಮಾಡಿದ ಹೊಸ ಕಿವಿಯ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತ್ತು.

"ಯಾರೂ ಬಿಚ್ಚಿಲ್ಲ ಇದು," ಅಂದ. ಅವನ ದನಿ ಬದಲಾಗಿತ್ತು. "ತಾನೇ ತಿರುಗ್ಯದ. ದೊಡ್ಡ ಇಂಜಿನ್ ಒಳಗ ಕುಣೀತದ, ಸಣ್ಣ ಚೆಸ್ಸಿಗಿ ತಡಿಯಾಕ ಆಗವಲ್ದು. ಒಂದು ಸುತ್ತಿಗೇ ಹಿಂಗ ಆಗ್ಯದ ಅಂದ್ರ, ಇಬ್ಬರು ಕುಂತು ಏರು ಹತ್ತಿದ್ರ..." ಇಂಜಿನ್ ಜಾರಿದರೆ ಚೈನು ಸಿಕ್ಕಿ ಹಿಂದಿನ ಗಾಲಿ ನಿಂತುಬಿಡುತ್ತದೆ ಎಂದು ಗುಂಪಿನಲ್ಲಿದ್ದ ಯಾರೋ ಹೇಳಿದರು. ಹಿಂದೆ ಲಾರಿ ಬರುವ ರಸ್ತೆ ಅದು. ಹಿಂದೆ ಕೂಡುವವಳು ನಾನು.

ಆಮೇಲೆ ಖಾಜಾ ಭಾಯಿ ನಮ್ಮವರ ಕಡೆ ತಿರುಗಿದ. "ಟೇಲರ್ ಸಾಬ್, ನಾ ಮೊದಲೇ ಹೇಳಿದ್ದೆ. ಒಬ್ಬರಿಗಂದ್ರ ಜಿಮ್ಮೇದಾರಿ ನಂದು, ಇಬ್ಬರಿಗಿ ನಾ ಹೇಳಂಗಿಲ್ಲ ಅಂತ. ನೀವೇ ದಪ್ಪನ್ನ ಪಟ್ಟಿ ಹಾಕಿ ನೋಡು, ನೋಡು ಅಂದ್ರಿ."

ಹಾಗಾದರೆ ಆ ಸಂಜೆಯ ಪಿಸುಮಾತು ಇದು. ನಾನು ನಮ್ಮವರನ್ನು ನೋಡಿದೆ. ಅವರ ಕೈ ಟೇಪಿನ ಮೇಲಿತ್ತು, ಎಳೆದಾಡುತ್ತಿರಲಿಲ್ಲ.

"ನನಗ ಯಾಕ ಹೇಳಲಿಲ್ಲ?" ಅಂದೆ.

"ನೀ ಅಷ್ಟು ಆಸಿ ಇಟ್ಕೊಂಡು ದಿನಾ ಬಂದು ಇಲ್ಲಿ ಬಿಸಲಾಗ ಕುಂಡ್ರತಿದ್ದಿ. ಆಗಂಗಿಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ, ಶಕುಂತಲಾ."

ಬಿಗಿ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಬಿಗಿ ಮಾಡಿದರೆ ಮತ್ತೆ ತಿರುಗುತ್ತದೆ, ತಾನು ಈ ಗಾಡಿ ಕೊಡುವುದಿಲ್ಲ ಎಂದು ಖಾಜಾ ಭಾಯಿ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ಆಗ ನಾನೇ, "ಬಿಚ್ಚಿ ಹಳೇದು ಹಾಕಿಬಿಡ್ರಿ," ಅಂದೆ. ಅಷ್ಟು ಜನರ ಮುಂದೆ ಅಳಬಾರದೆಂದು ಚಹಾದ ಅಂಗಡಿಯ ಗೋಡೆಯ ಕಡೆ ಮುಖ ಮಾಡಿ ನಿಂತೆ. ಜೀವ ಉಳಿದದ್ದಕ್ಕೆ ಸಂತೋಷಪಡಬೇಕಾಗಿತ್ತು. ನನಗೆ ಬಂದದ್ದು ದುಃಖ ಮಾತ್ರ. ಖಾಜಾ ಭಾಯಿ ಹಳೆಯ ಇಂಜಿನ್ ಕೂಡಿಸುವಾಗ ನಾನು ಎದುರಿಗೆ ಕೂಡಲಿಲ್ಲ.

ಸೋಮವಾರ ಬ್ಯಾಗು ಹಿಡಿದು ಬಸ್ಸಿನಲ್ಲಿ ನಾರಾಯಣಖೇಡಕ್ಕೆ ಬಂದೆ. ಅದೇ ಕೋಣೆ, ಅದೇ ಒಂಟಿ ಸ್ಟೋವು. ಅನುಮಾನ ಈಗ ಎರಡು ಕಡೆಯಿಂದ ಎಳೆಯುತ್ತಿತ್ತು. ಅಪಾಯ ಗೊತ್ತಿದ್ದೂ ನನ್ನನ್ನು ಕೂರಿಸಲು ಹೊರಟಿದ್ದರೇ? ಅಥವಾ ಆಗುವುದಿಲ್ಲವೆಂದು ಗೊತ್ತಿದ್ದೇ, ಮಾಡಿದ ಹಾಗೆ ತೋರಿಸಿ ನನ್ನನ್ನು ಸುಮ್ಮನಾಗಿಸಿದರೇ? ಬಾಯಿ ಬರಲಿಲ್ಲ ಎಂದು ಅವರು ಹೇಳಿದ್ದನ್ನು ನಾನು ಅರ್ಧ ನಂಬಿದ್ದೆ. ಅರ್ಧ ನಂಬಿದವರ ಪಾಡು ಪೂರ್ತಿ ನಂಬದವರಿಗಿಂತ ಕಷ್ಟ.

ಆ ಶನಿವಾರ ಅವರು ಬರಲಿಲ್ಲ. ಯೂನಿಫಾರಂ ಗಡಬಡಿ ಅಂದರು. ಮುಂದಿನ ಶನಿವಾರವೂ ಬರಲಿಲ್ಲ. ನಡುವೆ ಒಂದು ಮಧ್ಯಾಹ್ನ ಫೋನ್ ಮಾಡಿದಾಗ, "ಎಲ್ಲಿದ್ದೀರಿ?" ಎಂದೆ. "ಅಂಗಡ್ಯಾಗ," ಅಂದರು. ಅವರ ದನಿಯ ಹಿಂದೆ ಬಸ್ ಸ್ಟ್ಯಾಂಡಿನ ಮೈಕು ತೆಲುಗಿನಲ್ಲಿ ಯಾವುದೋ ಬಸ್ಸಿನ ಹೆಸರು ಕೂಗುವುದು ಸ್ಪಷ್ಟ ಕೇಳಿಸಿತು. ಹಳೆ ಬಜಾರಿನ ನಮ್ಮ ಅಂಗಡಿಗೆ ಬಸ್ ಸ್ಟ್ಯಾಂಡಿನ ಮೈಕು ಕೇಳಿಸುವುದೇ ಇಲ್ಲ. ನಾನು ಫೋನ್ ಇಟ್ಟೆ. ಆ ದಿನ ಕ್ಲಾಸಿನಲ್ಲಿ ಭಾಗಾಕಾರ ಹೇಳುತ್ತ ಎರಡು ಸಲ ತಪ್ಪಿದೆ. ನನ್ನ ಗಂಡ ನನಗೆ ಸುಳ್ಳು ಹೇಳುವುದನ್ನು ಕಲಿತಿದ್ದಾರೆ, ಟೇಪು ಎಳೆದಾಡುವುದನ್ನು ಫೋನಿನಲ್ಲಿ ನೋಡಲಾಗುವುದಿಲ್ಲ ಎಂದು ಅವರಿಗೆ ತಿಳಿದುಬಿಟ್ಟಿದೆ ಅನ್ನಿಸಿತು. ಮನೆಗೆ ಹೋಗಿ ಕೇಳಿಬಿಡಬೇಕು ಎಂದು ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ತಯಾರಾದೆ.

ಹೊರಗೆ ಜಿಟಿಜಿಟಿ ಮಳೆ. ಬಾಗಿಲಿಗೆ ಬೀಗ ಹಾಕುತ್ತಿರುವಾಗ ಗಾಡಿಯ ಸದ್ದು ಕೇಳಿಸಿತು. ಸಣ್ಣ ಇಂಜಿನ್ನಿನ ಸದ್ದು. ನಮ್ಮವರು ತೊಯ್ದು ತೊಪ್ಪೆಯಾಗಿ ಬಂದು ಅಂಗಳದಲ್ಲಿ ನಿಂತರು. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗದಿಂದ ಬಿಗಿದ ದೊಡ್ಡದೊಂದು ಗಂಟು.

"ಏನದು?" ಎಂದೆ.

"ಮಿಷಿನ್. ಸ್ಟ್ಯಾಂಡು, ಟೇಬಲ್ಲು ನಾಳಿ ಜೀಪಿನಾಗ ಬರ್ತಾವ." ಹಗ್ಗ ಬಿಚ್ಚುತ್ತ, ತಲೆ ಎತ್ತದೆ ಹೇಳಿದರು. "ಬಸ್ ಸ್ಟ್ಯಾಂಡ್ ಬಾಜೂಕ ಒಂದು ಜಾಗ ಸಿಕ್ಕದ, ಅಂಗಡಿಗಿ. ಅದನ್ನ ನೋಡಾಕ ಆವತ್ತು ಬಂದಿದ್ದೆ. ನೀ ಫೋನ್ ಮಾಡಿದಾಗ ಇಲ್ಲೇ ಇದ್ದೆ. ಆಗ್ತದೋ ಇಲ್ಲೋ ಗೊತ್ತಿರಲಿಲ್ಲ. ಮೊದಲೇ ಹೇಳಿ, ಮತ್ತ ಆಗಲಿಲ್ಲ ಅಂದ್ರ ನಿನ್ನ ಮುಖ ನೋಡಾಕ ಆಗ್ತಿರಲಿಲ್ಲ ನನಗ. ಅಂಗಡಿ ಹೊಂದಿ ಬರೋ ತನಕ ಇಲ್ಲೇ ಮನ್ಯಾಗ ಹೊಲೀತೀನಿ."

ಹಗ್ಗದ ಇನ್ನೊಂದು ತುದಿ ಬಿಚ್ಚಲು ನಾನೂ ಕೈ ಹಾಕಿದೆ. ಹಾಗಂತ ನಾನು ಸುಮ್ಮನಿರುವವಳೂ ಅಲ್ಲ.

"ಜಹೀರಾಬಾದಿನ ಅಂಗಡಿ?"

"ಅಣ್ಣನ ಮಗ ನೋಡ್ಕೋತಾನ. ಕೈ ಕೂತದ ಅವನದು."

"ಅತ್ತಿಯವರಿಗಿ ಏನು ಹೇಳಿ ಬಂದ್ರಿ?"

"ಸುಳ್ಳು ಹೇಳೀನಿ."

"ಏನಂತ?"

ಅವರು ಮುಖದ ಮೇಲಿನ ನೀರು ಒರೆಸಿಕೊಂಡು ನನ್ನನ್ನೇ ನೋಡಿದರು. "ನಿನ್ನ ಸೊಸಿಗಿ ನನ್ನ ಮ್ಯಾಲ ಭಾಳ ಅನುಮಾನ ಅದ ಅವ್ವ, ದಿನಾ ಕಣ್ಣ ಮುಂದ ಇದ್ರೇನೇ ಆಕಿಗಿ ಸಮಾಧಾನ, ಅಂತ ಹೇಳೀನಿ."

"ಅದು ಸುಳ್ಳಲ್ಲ," ಅಂದೆ.

ಹಾಕಿದ ಬೀಗ ತೆಗೆದೆ. ಮಿಷಿನ್ನಿಗೆ ಒಂದು ಕಡೆ ಅವರು, ಒಂದು ಕಡೆ ನಾನು ಕೈ ಹಾಕಿ ಒಳಗೆ ತಂದೆವು. ಕೋಣೆಯಲ್ಲಿ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ನಾನು ಪೇಪರ್ ತಿದ್ದುವ ಮೇಜು. ಹೊಲಿಯುವವರಿಗೆ ಬೆಳಕು ಬೇಕು. ನಾನು ಮೇಜನ್ನು ಗೋಡೆಯ ಕಡೆ ಎಳೆದು ಜಾಗ ಮಾಡಿದೆ.